ನೀರ್ಗಲ್ಲ ಬಯಲಿನ ಆಟ

ಒಂದೊಂದು ಕಡೆಗೆ ಹನ್ನೊಂದು ಮಂದಿ, 45 ನಿಮಿಷದ ಎರಡು ಅವಧಿ. ಆಫ್‌ಸೈಡ್ ಉಂಟು, ಕಾರ್ನರ್ ಉಂಟು, ಪೆನಾಲ್ಟಿ ಉಂಟು. ಇಷ್ಟು ಹೇಳಿ ನಿಲ್ಲಿಸಿದರೆ ಕೇಳಿದವರು ಫುಟ್‌ಬಾಲ್ ಎಂದುಬಿಡುತ್ತಾರೆ. ಆದರೆ ಇಲ್ಲಿ ಆಟಗಾರರ ಕಾಲಿಗೆ ಸ್ಕೇಟು, ಕೈಗೆ ತುದಿ ಬಾಗಿದ ಕೋಲು, ಕಾಲಡಿಗೆ ಫುಟ್‌ಬಾಲ್ ಮೈದಾನದಷ್ಟೇ ಅಗಲವಾಗಿ ಹರಡಿದ ಮಂಜುಗಡ್ಡೆ. ಚೆಂಡು ಟೆನಿಸ್ ಚೆಂಡಿಗಿಂತ ತುಸು ಸಣ್ಣದು, ಬಿಳಿ ನೆಲದ ಮೇಲೆ ಕಾಣುವಂತೆ ಕಡುಬಣ್ಣದ್ದು. ಗೋಲು ಕಾಯುವವನಿಗೆ ಕೋಲಿಲ್ಲ, ಕೈಯೇ ಗತಿ. ಈ ಆಟದ ಹೆಸರು ಬ್ಯಾಂಡಿ. ಕನ್ನಡದ ಕಿವಿಗೆ ಇದು ಬಂಡಿಯಂತೆ ಕೇಳಿಸಿದರೆ ತಪ್ಪೇನೂ ಇಲ್ಲ: ಬ್ರಿಟಿಷರ ಕಾಲದ ಇಂಗ್ಲಿಷಿನಲ್ಲಿ ಇದೇ ಕಾಗುಣಿತದ ಇನ್ನೊಂದು ಪದವಿತ್ತು, ಅದು ದಕ್ಷಿಣದ ನುಡಿಗಳಿಂದ ಅವರು ಎರವು ಪಡೆದ ನಮ್ಮ ಬಂಡಿಯೇ, ಹಾಬ್ಸನ್-ಜಾಬ್ಸನ್ ಕೋಶ ಅದಕ್ಕೆ ಜಾಗ ಕೊಟ್ಟಿದೆ. ಆಟದ ಬ್ಯಾಂಡಿಗೂ ಅದಕ್ಕೂ ನಂಟಿಲ್ಲ. ಇದು ಚೆಂಡನ್ನು ಅತ್ತಿಂದಿತ್ತ ಹೊಡೆದಾಡುವುದನ್ನು ಹೇಳುತ್ತಿದ್ದ ಹಳೆಯ ಇಂಗ್ಲಿಷ್ ಮಾತು. ಈ ಆಟದ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಸೋಲಿನ ಕಥೆಯಾಗಿ ಹೇಳುವುದುಂಟು: ಇಂಗ್ಲೆಂಡಿನಲ್ಲಿ ಹುಟ್ಟಿತು, ಕೆನಡಾದಿಂದ ಐಸ್ ಹಾಕಿ ಬಂತು, ಹೊಸದರ ಬಿರುಸಿನ ಮುಂದೆ ಹಳೆಯದು ಸಪ್ಪೆಯಾಗಿ ಮೂಲೆಗೆ ಸರಿಯಿತು. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಕಥೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಬ್ಯಾಂಡಿಯ ಏಳುಬೀಳನ್ನು ತೀರ್ಮಾನಿಸಿದ್ದು ಆಟದ ರುಚಿಗಿಂತ ಹೆಚ್ಚಾಗಿ ಮಂಜುಗಡ್ಡೆಯ ವಿಸ್ತೀರ್ಣ. ಯಾರ ಬಳಿ ಎಷ್ಟು ಅಗಲದ ಗಡ್ಡೆ, ವರ್ಷಕ್ಕೆ ಎಷ್ಟು ದಿನ, ಯಾರ ಖರ್ಚಿನಲ್ಲಿ ಇತ್ತು ಎಂದು ಕೇಳುತ್ತ ಹೋದರೆ ಈ ಆಟ ಎಲ್ಲಿ ಬದುಕಿತು, ಎಲ್ಲಿ ಬತ್ತಿತು ಎನ್ನುವುದಕ್ಕೆ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ.

ಮೊದಲು ಹುಟ್ಟಿದ ನೆಲವನ್ನೇ ನೋಡೋಣ. ಇಂಗ್ಲೆಂಡಿನ ಪೂರ್ವದಲ್ಲಿ, ಕೇಂಬ್ರಿಡ್ಜಿನಿಂದ ಉತ್ತರಕ್ಕೆ, ಫೆನ್ ಎಂದು ಕರೆಯುವ ತಗ್ಗಿನ ಸೀಮೆಯಿದೆ. ಒಂದು ಕಾಲಕ್ಕೆ ಅದು ಬರೀ ಜೌಗು. 17ನೇ ಶತಮಾನದಲ್ಲಿ ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮುಯ್ಡನ್‌ನ ನೇತೃತ್ವದಲ್ಲಿ ಅಲ್ಲಿನ ನೀರನ್ನು ಬಸಿದು ಹೊಲ ಮಾಡಿದರು. ಏರಿತ್ ಎಂಬ ಹಳ್ಳಿಯಿಂದ ಡೆನ್ವರ್‌ವರೆಗೆ, ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಗೆರೆ ಎಳೆದಂತೆ ಎರಡು ಕಾಲುವೆಗಳು. ಮಳೆಯ, ಚಳಿಗಾಲದ ಹೆಚ್ಚುವರಿ ನೀರು ಹೋಗಿ ನಿಲ್ಲಲೆಂದು ಅವೆರಡರ ನಡುವಿನ ಪಟ್ಟಿಯನ್ನು ಬೇಕೆಂದೇ ಹಾಗೇ ಬಿಟ್ಟರು. ಬೇಸಿಗೆಯಲ್ಲಿ ದನ ಮೇಯುವ ಹುಲ್ಲುಗಾವಲು, ಚಳಿಗಾಲದಲ್ಲಿ ಆಳವಿಲ್ಲದ ಕೆರೆ. ಊಸ್ ನದಿಯ ದಡದ ಇತರ ಗದ್ದೆಬಯಲುಗಳ ಪಾಡೂ ಹೆಚ್ಚುಕಡಿಮೆ ಇದೇ. ಈ ಆಳವಿಲ್ಲದಿರುವುದೇ ಮುಖ್ಯ. ಹರಿಯುವ ಹೊಳೆ ಸುಲಭಕ್ಕೆ ಹೆಪ್ಪುಗಟ್ಟದು. ಆಳದ ಕೆರೆ ಹೆಪ್ಪುಗಟ್ಟಿದರೂ ಒಡೆದರೆ ಜೀವಕ್ಕೇ ಎರವು. ಗದ್ದೆಯ ಮೇಲೆ ನಿಂತ ತೆಳುನೀರು ಎರಡು ಮೂರು ರಾತ್ರಿಯ ಚಳಿಗೆ ಕಲ್ಲಾಗುತ್ತದೆ, ಗಡ್ಡೆ ಬಿರಿದರೂ ಒದ್ದೆಯಾಗುವುದು ಮೊಣಕಾಲಷ್ಟೇ. ಅಂಥ ಚಳಿ ಬಿದ್ದಾಗ ನೆಲ ಗಟ್ಟಿಯಾಗಿ ಗುದ್ದಲಿ ಇಳಿಯದು, ಹೊಲದ ಕೆಲಸ ನಿಲ್ಲುತ್ತದೆ, ಕೂಲಿಯವರ ಕೈ ಬರಿದಾಗುತ್ತದೆ. ಫೆನ್ ಸೀಮೆಯ ಹೆಸರಾಂತ ಸ್ಕೇಟಿಂಗ್ ಓಟಗಾರರು ಬಹುಮಂದಿ ಇಂಥ ಹೊಲದಾಳುಗಳೇ. ವೆಲ್ನಿ ಹಳ್ಳಿಯ ಸ್ಮಾರ್ಟ್ ಮನೆತನದವರು ಆ ಕಾಲದ ಮನೆಮಾತು. ಗೆದ್ದವನಿಗೆ ಮಾಂಸ, ಹಿಟ್ಟು ಇಟ್ಟ ಪಂದ್ಯಗಳೂ ನಡೆಯುತ್ತಿದ್ದವು. ಬ್ಯಾಂಡಿ ಬೆಳೆದದ್ದು ಈ ಕೂಲಿಯಿಲ್ಲದ ದಿನಗಳಲ್ಲಿ. ಕೋಲಿಗೆ ದಡದ ವಿಲ್ಲೋ ಮರದ ಬಾಗಿದ ಕೊಂಬೆ, ಚೆಂಡಿಗೆ ಮರದ ಇಲ್ಲವೇ ಬೆಂಡಿನ ತುಂಡು. ಮೈದಾನಕ್ಕೆ ಅಂಚೆಂಬುದೇ ಇಲ್ಲ, ಕಣ್ಣು ಹಾಯುವವರೆಗೂ ಗಡ್ಡೆ. ಇಷ್ಟು ದೊಡ್ಡ ಅಂಗಳದ ಆಟ ಹುಟ್ಟುವುದಕ್ಕೆ ಇಷ್ಟು ದೊಡ್ಡ ಪುಕ್ಕಟೆ ಅಂಗಳ ಬೇಕಿತ್ತು.

ಏರಿತ್ ಮತ್ತು ಅದರ ನೆರೆಯ ಬ್ಲಂಟಿಷಮ್ ಹಳ್ಳಿಗಳ ನಡುವಿನ ಬಯಲಿಗೆ ಬರಿ ಫೆನ್ ಎಂದು ಹೆಸರು. ಅಲ್ಲಿನ ತಂಡ 1813-14ರ ಮಹಾಚಳಿಯ ಕಾಲದಿಂದಲೇ ಆಡುತ್ತಿತ್ತು, 1890-91ರ ಚಳಿಗಾಲದವರೆಗೆ ಸೋಲನ್ನೇ ಕಾಣಲಿಲ್ಲ ಎಂದು ಆಟದ ಎಲ್ಲ ಚರಿತ್ರೆಗಳೂ ಬರೆಯುತ್ತವೆ. 1813-14ರ ಚಳಿ ನಿಜ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಗಡ್ಡೆಯ ಮೇಲೆ ಕೊನೆಯ ಜಾತ್ರೆ ನಡೆದದ್ದು ಆ ಚಳಿಗಾಲದಲ್ಲೇ. ಆದರೆ ಮುಕ್ಕಾಲು ಶತಮಾನ ಸೋಲದ ತಂಡವೆಂಬ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಅದನ್ನು ಜಗತ್ತಿಗೆ ತಿಳಿಸಿದವನು ಬ್ಲಂಟಿಷಮಿನವನೇ ಆದ, ಅದೇ ತಂಡದಲ್ಲಿ ಆಡಿದ ಚಾರ್ಲ್ಸ್ ಗುಡ್‌ಮನ್ ಟೆಬಟ್. ತನ್ನೂರಿನ ತಂಡವನ್ನು ಯಾರು ಹೊಗಳುವುದಿಲ್ಲ? ಎದುರಾಳಿಗಳೆಂದರೆ ಸುತ್ತಲಿನ ಹಳ್ಳಿಗಳವರು, ಚಳಿ ಬೀಳದ ವರ್ಷಗಳಲ್ಲಿ ಪಂದ್ಯವೇ ಇಲ್ಲ, ಆಟಕ್ಕೆ ಬರೆದಿಟ್ಟ ನಿಯಮವೂ ಇರಲಿಲ್ಲ. ಸೋತಿಲ್ಲ ಎಂಬುದಕ್ಕಿಂತ ಎಷ್ಟು ಸಲ ಆಡಿದರು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಟೆಬಟ್‌ನ ನಿಜವಾದ ಕೊಡುಗೆ ಬೇರೆಡೆ ಇದೆ. 1882ರಲ್ಲಿ ಆತ ನಿಯಮಗಳನ್ನು ಬರವಣಿಗೆಗೆ ಇಳಿಸಿದ; 1891ರಲ್ಲಿ ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಬ್ಯಾಂಡಿ ಸಂಘ ಹುಟ್ಟಿತು. ಹನ್ನೊಂದು ಮಂದಿ ಎಂಬುದೂ ಗಟ್ಟಿಯಾಯಿತು. ಫುಟ್‌ಬಾಲಿನೊಂದಿಗೆ ಇದರ ನೆರೆಹೊರೆ ಎಷ್ಟು ಹತ್ತಿರದ್ದೆಂದರೆ, ಇಂದು ಕೇವಲ ಫುಟ್‌ಬಾಲಿಗೆ ಹೆಸರಾದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಒಂದು ಕಾಲಕ್ಕೆ ತನ್ನ ಹೆಸರಿನಲ್ಲೇ ಬ್ಯಾಂಡಿಯನ್ನೂ ಸೇರಿಸಿಕೊಂಡ ಕ್ಲಬ್ಬು.

ಇಲ್ಲಿಂದ ಆಟ ಹೊರನಾಡಿಗೆ ಹೊರಟಿತು. ಎಲ್ಲೆಲ್ಲಿ ಬೇರು ಬಿಟ್ಟಿತು, ಎಲ್ಲೆಲ್ಲಿ ಒಣಗಿತು ಎಂಬುದೇ ನನ್ನ ವಾದಕ್ಕೆ ಮೊದಲ ಸಾಕ್ಷಿ. 1891ರಲ್ಲಿ ಬರಿ ಫೆನ್‌ನವರು ಹಾಲೆಂಡಿಗೆ ಹೋಗಿ ಹಾರ್ಲೆಮ್‌ನಲ್ಲಿ ಆಡಿದರು. ಡಚ್ಚರು ಆಟವನ್ನು ಮೆಚ್ಚಿಕೊಂಡರು, ಆದರೆ ಅವರ ಚಳಿಗಾಲವೂ ಇಂಗ್ಲೆಂಡಿನದರಷ್ಟೇ ನಂಬಿಕೆಗೆಟ್ಟದ್ದು. ಗಡ್ಡೆ ಬಾರದ ವರ್ಷಗಳಲ್ಲಿ ಅವರು ಕೋಲನ್ನು ಹಿಡಿದು ಹುಲ್ಲಿಗೆ ಇಳಿದರು. ಎರಡೂ ಬದಿಯಿಂದ ಹೊಡೆಯಬಹುದಾದ ಕೋಲು, ಮೆತ್ತನೆಯ ಚೆಂಡು, ಹೆಣ್ಣುಗಂಡು ಕೂಡಿದ ತಂಡ: ಹಾಲೆಂಡಿನ ಹಳೆಯ ಹಾಕಿ ಬಹುಕಾಲ ಹೀಗೆ ಅರೆಬ್ಯಾಂಡಿಯಾಗಿಯೇ ಇತ್ತು. 1898ರಲ್ಲಿ ಹುಟ್ಟಿದ ಅಲ್ಲಿನ ಹಾಕಿ ಸಂಘದ ಮೊದಲ ಹೆಸರಿನಲ್ಲೂ ಬ್ಯಾಂಡಿ ಸೇರಿತ್ತು. 1928ರ ಒಲಿಂಪಿಕ್ಸ್ ತಮ್ಮ ಊರಲ್ಲೇ ನಡೆಯುವುದೆಂದು ಗೊತ್ತಾದ ಮೇಲೆ ಅವರು ಅಂತರರಾಷ್ಟ್ರೀಯ ನಿಯಮಕ್ಕೆ ಒಗ್ಗಿಕೊಂಡರು. ಆ ಆಮ್‌ಸ್ಟರ್‌ಡ್ಯಾಮ್ ಫೈನಲ್ಲಿನಲ್ಲಿ ಅವರನ್ನು 3-0ರಿಂದ ಮಣಿಸಿ ಭಾರತ ತನ್ನ ಮೊದಲ ಹಾಕಿ ಚಿನ್ನ ಗೆದ್ದದ್ದು, ಧ್ಯಾನ್‌ಚಂದ್ ಹೆಸರು ಲೋಕಕ್ಕೆ ಗೊತ್ತಾದದ್ದು ನಾವೆಲ್ಲ ಬಲ್ಲ ಸಂಗತಿ. ಸೋತವರ ಹಾಕಿಗೆ ಇಂಥ ಮಂಜಿನ ಪೂರ್ವಾಶ್ರಮವಿತ್ತು ಎಂಬುದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲದ ವಿವರ. ಸ್ವೀಡನ್ನಿಗೆ ಆಟ ಮುಟ್ಟಿದ್ದು 1895ರ ಸುಮಾರಿಗೆ, ಅದೂ ಟೆಬಟ್‌ನ ಮೂಲಕವೇ. ರಷ್ಯಾದಲ್ಲಿ ಗಡ್ಡೆಯ ಮೇಲೆ ಕೋಲುಚೆಂಡಿನ ಆಟಗಳು ಮೊದಲೇ ಇದ್ದವು. 1898ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಯಮಬದ್ಧ ಪಂದ್ಯ ನಡೆದು ಅವಕ್ಕೆ ಹೊಸ ಚೌಕಟ್ಟು ಸಿಕ್ಕಿತು. ಸ್ವೀಡನ್ 1907ರಲ್ಲಿ, ಫಿನ್ಲೆಂಡ್ 1908ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭಿಸಿದವು. ಒಂದೇ ಬೀಜ, ಮೂರು ನಾಲ್ಕು ನೆಲ. ವರ್ಷಕ್ಕೆ ತಿಂಗಳುಗಟ್ಟಲೆ ಬಯಲು ಹೆಪ್ಪುಗಟ್ಟುವ ಕಡೆ ಮೊಳೆಯಿತು, ವಾರದ ಲೆಕ್ಕದಲ್ಲಿ ಹೆಪ್ಪುಗಟ್ಟುವ ಕಡೆ ಒಣಗಿತು. ತವರಿನಲ್ಲಿ 1895ರ ಫೆಬ್ರವರಿಯ ಘೋರ ಚಳಿಯ ಬಳಿಕ ಸಾಲು ಸಾಲಾಗಿ ಮೆದು ಚಳಿಗಾಲಗಳು ಬಂದವು, ಹಳ್ಳಿಗಳ ತಂಡಗಳು ಕಾದು ಕಾದು ಚದುರಿದವು.

ಇನ್ನು ಐಸ್ ಹಾಕಿಯ ವಿಷಯ. 1875ರ ಮಾರ್ಚ್ 3ರಂದು ಕೆನಡಾದ ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಎಂಬ ಚಾವಣಿಯ ಕಟ್ಟಡದೊಳಗೆ ಜೇಮ್ಸ್ ಕ್ರೈಟನ್ ಮತ್ತು ಗೆಳೆಯರು ಒಂದು ಪಂದ್ಯ ಆಡಿದರು. ಇಂದಿನ ಐಸ್ ಹಾಕಿಯ ವಂಶಾವಳಿಯನ್ನು ಆ ದಿನದಿಂದ ಎಣಿಸುತ್ತಾರೆ. ಗಡ್ಡೆಯ ಅಳತೆ ಸುಮಾರು 204 ಅಡಿ ಉದ್ದ, 80 ಅಡಿ ಅಗಲ. ಕಡೆಗೆ ಒಂಬತ್ತೇ ಮಂದಿ. ಚೆಂಡು ಪುಟಿದು ನೋಡುವವರ ಮೇಲೆ ಬಿದ್ದೀತೆಂಬ ಆತಂಕವಿದ್ದುದರಿಂದ ಚಪ್ಪಟೆಯ ಮರದ ಬಿಲ್ಲೆಯಲ್ಲಿ ಆಡುವುದಾಗಿ ಪತ್ರಿಕೆಯಲ್ಲಿ ಮೊದಲೇ ತಿಳಿಸಿದ್ದರು. ಈ ಒಂದೊಂದು ಮಾರ್ಪಾಡನ್ನೂ ಬಿಡಿಸಿ ನೋಡಿ: ಆಟಗಾರರ ಸಂಖ್ಯೆ ಇಳಿದದ್ದು ಜಾಗ ಸಾಲದೆ, ಚೆಂಡು ಚಪ್ಪಟೆಯಾದದ್ದು ಗೋಡೆಗಳ ನಡುವೆ ಜನ ಕೂತಿದ್ದರಿಂದ, ಮುಂದೆ ಸುತ್ತಲೂ ಎತ್ತರದ ಹಲಗೆ ಎದ್ದು, ಅದಕ್ಕೆ ಎದುರಾಳಿಯನ್ನು ಒತ್ತಿ ಬಿಲ್ಲೆ ಕಸಿಯುವ ವಿದ್ಯೆಯೇ ಒಂದು ಕಲೆಯಾಯಿತು. ಕೋಣೆಯ ಅಳತೆಯೇ ಆಟದ ನಿಯಮವಾಗಿ ಹರಳುಗಟ್ಟಿತು. ಉತ್ತರ ಅಮೆರಿಕದ ಇಂದಿನ ಅಂಗಳ 200 ಅಡಿಗೆ 85 ಅಡಿ, ಹೆಚ್ಚುಕಡಿಮೆ ವಿಕ್ಟೋರಿಯಾ ರಿಂಕಿನ ಅಚ್ಚು. ಬ್ಯಾಂಡಿಯ ಪೂರ್ಣ ಮೈದಾನ 110 ಮೀಟರಿಗೆ 65 ಮೀಟರ್. ಲೆಕ್ಕ ಹಾಕಿದರೆ ಬ್ಯಾಂಡಿಯ ಒಂದು ಅಂಗಳದಲ್ಲಿ ಐಸ್ ಹಾಕಿಯ ನಾಲ್ಕು ಅಂಗಳಗಳನ್ನು ಹಾಸಿ ಇನ್ನೂ ಜಾಗ ಉಳಿಯುತ್ತದೆ. ಮುಂದಿನ ಕಾಲ ಕೃತಕ ಗಡ್ಡೆಯದು. 1876ರಲ್ಲೇ ಜಾನ್ ಗ್ಯಾಮ್‌ಜಿ ಲಂಡನ್ನಿನಲ್ಲಿ ಕೊಳವೆಗಳ ಮೇಲೆ ಗಡ್ಡೆ ಕಟ್ಟಿ ತೋರಿಸಿದ್ದ. ಯಂತ್ರದಿಂದ ನೆಲ ತಂಪಾಗಿಸುವುದು ದುಬಾರಿ ವ್ಯವಹಾರ. ಒಬ್ಬ ಮಾಲೀಕ ಕೈಯಿಂದ ಹಣ ಹಾಕಿ ಟಿಕೆಟ್ ಮಾರಿ ತೆಗೆಯಬೇಕಾದರೆ ನಾಲ್ಕು ಪಟ್ಟು ಗಡ್ಡೆಯ ಆಟವನ್ನೇಕೆ ಆರಿಸಿಕೊಂಡಾನು? 1896ರಲ್ಲಿ ಲಂಡನ್ನಿನ ನೈಟ್ಸ್‌ಬ್ರಿಜ್‌ನಲ್ಲಿ ಪ್ರಿನ್ಸಸ್ ಸ್ಕೇಟಿಂಗ್ ಕ್ಲಬ್ಬಿನ ಕೃತಕ ರಿಂಕ್ ತೆರೆಯಿತು; 1903ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಐಸ್ ಹಾಕಿಯ ಲೀಗ್ ಶುರುವಾಗಿತ್ತು; 1910ರಲ್ಲಿ ಯುರೋಪಿನ ಮೊದಲ ಐಸ್ ಹಾಕಿ ಚಾಂಪಿಯನ್‌ಷಿಪ್ ಗೆದ್ದದ್ದು ಬ್ರಿಟನ್. ಅಂದರೆ ಇಂಗ್ಲೆಂಡಿಗೆ ಕೋಲು ಸ್ಕೇಟುಗಳ ಆಟದಲ್ಲಿ ಆಸಕ್ತಿ ಹೋಗಿರಲಿಲ್ಲ. ಆ ಆಸಕ್ತಿ ಗದ್ದೆಯಿಂದ ಕೋಣೆಗೆ ಹೋಗಿತ್ತು.

ಇದಕ್ಕೆ ಒಂದು ಆಕ್ಷೇಪ ಎದ್ದೇ ಏಳುತ್ತದೆ. ಗಡ್ಡೆಯ ವಿಸ್ತೀರ್ಣವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಕೆನಡಾದಲ್ಲಿ ಗಡ್ಡೆಗೇನು ಬರವೇ? ಜಗತ್ತಿನಲ್ಲೇ ಹೇರಳವಾಗಿ ನೀರು ಹೆಪ್ಪುಗಟ್ಟುವ ನಾಡು ಸಣ್ಣ ಅಂಗಳದ ಆಟವನ್ನು ಕಟ್ಟಿದ್ದೇಕೆ? ಆಕ್ಷೇಪ ನ್ಯಾಯವಾದದ್ದೇ, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು: ಹೆಪ್ಪುಗಟ್ಟಿದ ನೀರೆಲ್ಲ ಆಡಲು ಬರುವ ಗಡ್ಡೆಯಲ್ಲ. ಮಾಂಟ್ರಿಯಲ್‌ನ ಚಳಿಗಾಲವೆಂದರೆ ಮೊಣಕಾಲು ಮುಳುಗುವ ಹಿಮ. ಗಡ್ಡೆಯ ಮೇಲೆ ಹಿಮ ಬಿದ್ದರೆ ಅದನ್ನು ಬಾಚಿ ತೆಗೆಯಬೇಕು, ಏಳು ಸಾವಿರ ಚದರ ಮೀಟರ್ ಬಾಚುವುದು ಹುಡುಗಾಟವಲ್ಲ. ನಗರದ ಉಳ್ಳವರು 1862ರಲ್ಲೇ ವಿಕ್ಟೋರಿಯಾ ರಿಂಕಿನಂಥ ಚಾವಣಿಯ ಅಂಗಳ ಕಟ್ಟಿಕೊಂಡದ್ದು ಚಳಿಗೆ ಹೆದರಿ ಅಲ್ಲ, ಈ ಹಿಮಕ್ಕೆ ಬೇಸತ್ತು; ಒಳಗಿನ ಗಡ್ಡೆ ಹೊರಗಿನ ಚಳಿಯಿಂದಲೇ ಆಗುತ್ತಿತ್ತು. ಮರದ ತೊಲೆಗಳ ಚಾವಣಿ ಎಷ್ಟು ಅಗಲಕ್ಕೆ ನಿಲ್ಲಬಲ್ಲದೋ ಅಷ್ಟೇ ಅಂಗಳ. ಕೆನಡಾದ ಉದಾಹರಣೆ ಹೀಗೆ ನನ್ನ ವಾದಕ್ಕೆ ಅಡ್ಡ ಬರುವುದಿಲ್ಲ, ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಐಸ್ ಹಾಕಿಯೇ ಹೆಚ್ಚು ವೇಗದ, ಹೆಚ್ಚು ರೋಚಕ ಆಟ, ಆದ್ದರಿಂದ ಗೆದ್ದಿತು, ಅಂಗಳದ ಲೆಕ್ಕ ಸೋತವರ ನೆಪ. ರುಚಿಯ ವಾದಕ್ಕೆ ತೀರ್ಪಿಲ್ಲ, ಆದರೆ ಎರಡೂ ಆಟಗಳು ಮುಖಾಮುಖಿಯಾದ ಕಡೆ ಏನಾಯಿತು ಎಂದು ನೋಡಬಹುದು. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಸ್ವೀಡನ್ ಐಸ್ ಹಾಕಿ ತಂಡ ಕಳಿಸಬೇಕಾಯಿತು. ಆ ದೇಶದಲ್ಲಿ ಆಗ ಐಸ್ ಹಾಕಿಯೇ ಇರಲಿಲ್ಲ. ರಾವುಲ್ ಲೆ ಮಾಟ್ ಎಂಬ ಅಮೆರಿಕದವನು ಬ್ಯಾಂಡಿ ಆಟಗಾರರನ್ನು ಕಲೆಹಾಕಿ ಅವಸರದಲ್ಲಿ ಕಲಿಸಿದ. ಅವರು ನಾಲ್ಕನೆಯವರಾಗಿ ಮರಳಿದರು. ಸೋವಿಯತ್ ಒಕ್ಕೂಟದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಹಾಕಿ ಎಂದರೆ ಬ್ಯಾಂಡಿಯೇ. 1946ರ ಡಿಸೆಂಬರಿನಲ್ಲಿ ಮೊದಲ ಐಸ್ ಹಾಕಿ ಚಾಂಪಿಯನ್‌ಷಿಪ್ ಶುರುವಾದಾಗ ಹೊಸ ಆಟವನ್ನು ಕೆನಡಾದ ಹಾಕಿ, ಹಳೆಯದನ್ನು ರಷ್ಯದ ಹಾಕಿ ಎಂದು ಕರೆದು ಬೇರ್ಪಡಿಸಬೇಕಾಯಿತು. ಫ್ಸೆವೊಲೊದ್ ಬೊಬ್ರೊವ್, ಅನತೋಲಿ ತರಾಸೊವ್, ಅರ್ಕಾದಿ ಚೆರ್ನಿಷೊವ್ ಮೊದಲಾದವರು ಬ್ಯಾಂಡಿ, ಫುಟ್‌ಬಾಲ್ ಎರಡನ್ನೂ ಆಡಿದವರು; ಬಿಲ್ಲೆಯ ಆಟಕ್ಕೆ ಬಂದಾಗ ಅವರು ಬರಿಗೈಯಲ್ಲಿ ಬರಲಿಲ್ಲ. ಅಗಲ ಅಂಗಳದಲ್ಲಿ ಕಲಿತ ಉದ್ದನೆಯ ಓಟ, ಚೆಂಡನ್ನು ಖಾಲಿ ಜಾಗಕ್ಕೆ ತಳ್ಳಿ ಜೊತೆಗಾರ ಅಲ್ಲಿಗೆ ತಲುಪುವ ಜಾಣ್ಮೆ, ದಾರಿ ಮುಚ್ಚಿದರೆ ಹಿಂದಕ್ಕೆ ತಿರುಗಿ ಮತ್ತೆ ಕಟ್ಟುವ ತಾಳ್ಮೆ ಜೊತೆಗೆ ಬಂದವು. 1954ರಲ್ಲಿ ಸ್ಟಾಕ್‌ಹೋಮಿನ ವಿಶ್ವ ಚಾಂಪಿಯನ್‌ಷಿಪ್‌ಗೆ ಮೊದಲ ಸಲ ಕಾಲಿಟ್ಟ ಸೋವಿಯತ್ ತಂಡ, ಬೊಬ್ರೊವ್‌ನ ನಾಯಕತ್ವದಲ್ಲಿ, ಕೆನಡಾವನ್ನು 7-2ರಿಂದ ಸೋಲಿಸಿ ಕಪ್ ಎತ್ತಿತು. ಹೊಸ ಆಟ ಶುರುಮಾಡಿ ಎಂಟು ವರ್ಷ ತುಂಬಿರಲಿಲ್ಲ. ಸಪ್ಪೆ ಆಟವೆಂದು ಕರೆಸಿಕೊಂಡದ್ದು ಇಂಥವರನ್ನು ತಯಾರಿಸಿದ್ದರೆ ಆ ಮಾತನ್ನು ಮರಳಿ ತೂಗಬೇಕಾಗುತ್ತದೆ. ಸೋವಿಯತ್ ಸರಕಾರ ಐಸ್ ಹಾಕಿಯತ್ತ ಹೊರಳಿದ್ದರ ಹಿಂದೆ ಒಲಿಂಪಿಕ್ ಪದಕದ ಆಸೆ ಇತ್ತು, ಬ್ಯಾಂಡಿಗೆ ಆ ಪದಕವಿರಲಿಲ್ಲ.

ಪದಕವೇಕಿರಲಿಲ್ಲ? 1952ರ ಓಸ್ಲೋ ಚಳಿಗಾಲದ ಒಲಿಂಪಿಕ್ಸಿನಲ್ಲಿ ಬ್ಯಾಂಡಿ ಪ್ರದರ್ಶನದ ಆಟವಾಗಿ ಬಂತು. ಆಡಿದ್ದು ಸ್ವೀಡನ್, ನಾರ್ವೆ, ಫಿನ್ಲೆಂಡ್ ಮೂರೇ. 1955ರಲ್ಲಿ ಈ ಮೂರರ ಜೊತೆ ಸೋವಿಯತ್ ಒಕ್ಕೂಟ ಸೇರಿ ಅಂತರರಾಷ್ಟ್ರೀಯ ಸಂಘ ಕಟ್ಟಿದವು, 1957ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1979ರವರೆಗೆ ಪ್ರತಿ ಸಲವೂ ಗೆದ್ದದ್ದು ಸೋವಿಯತ್ ತಂಡ. 1981ರಲ್ಲಿ ಖಬಾರೊವ್ಸ್ಕ್‌ನಲ್ಲಿ, ಅವರ ನೆಲದಲ್ಲೇ, ಸ್ವೀಡನ್ ಆ ಸರಪಳಿ ಕಡಿಯಿತು. ಆಮೇಲೂ ಸ್ವೀಡನ್ ಮತ್ತು ಸೋವಿಯತ್ ಒಕ್ಕೂಟ (ಮುಂದೆ ರಷ್ಯಾ) ಬಿಟ್ಟು ಕಪ್ ಮುಟ್ಟಿದ್ದು 2004ರಲ್ಲಿ ಫಿನ್ಲೆಂಡ್ ಒಂದೇ. ಒಲಿಂಪಿಕ್ ಸಮಿತಿ ಈ ಸಂಘಕ್ಕೆ ಮಾನ್ಯತೆ ಕೊಟ್ಟರೂ ಪದಕ ಕೊಡಲಿಲ್ಲ, ಆಡುವ ದೇಶಗಳು ಕಡಿಮೆ ಎಂಬುದೇ ದೊಡ್ಡ ಅಡ್ಡಿ. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ಗಾಣ: ದೇಶಗಳು ಕಡಿಮೆ ಏಕೆಂದರೆ ಅಂಗಳ ದೊಡ್ಡದು, ಅಂಗಳಕ್ಕೆ ಹಣ ಬಾರದು ಏಕೆಂದರೆ ಪದಕವಿಲ್ಲ. ಐಸ್ ಹಾಕಿಯ ರಿಂಕಿನಲ್ಲೇ ಸಣ್ಣ ತಂಡಗಳೊಂದಿಗೆ ಆಡುವ ರಿಂಕ್ ಬ್ಯಾಂಡಿ ಎಂಬ ಕುಡಿಯೂ ಹುಟ್ಟಿದೆ. ಅಂಗಳ ಕೊಟ್ಟರೆ ಯಾರಾದರೂ ಆಡುತ್ತಾರೆ ಎಂಬುದಕ್ಕೆ ಸೊಮಾಲಿಯಾ ತಂಡ ಸಾಕ್ಷಿ. ಸ್ವೀಡನ್ನಿನ ಬೋರ್ಲೆಂಗೆಯಲ್ಲಿ ನೆಲೆಸಿದ ಸೊಮಾಲಿ ನಿರಾಶ್ರಿತ ಯುವಕರು ಅಲ್ಲೇ ಸ್ಕೇಟು ಕಲಿತು, 2014ರಲ್ಲಿ ಸೈಬೀರಿಯಾದ ಇರ್ಕುತ್ಸ್ಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿದರು. ಚಳಿಯ ದೇಶದಲ್ಲಿ ಹುಟ್ಟಿರಬೇಕೆಂಬ ನಿಯಮ ಈ ಆಟಕ್ಕಿಲ್ಲ, ಗಡ್ಡೆಯ ಪಕ್ಕದಲ್ಲಿ ಬದುಕಿದರೆ ಸಾಕು. 2022ರ ಬಳಿಕ ಯುಕ್ರೇನ್ ಯುದ್ಧದಿಂದಾಗಿ ರಷ್ಯಾ ಹೊರಗುಳಿದಿದೆ. ಎರಡು ಕಾಲಿನ ಮೇಲೆ ನಿಂತಿದ್ದ ಆಟ ಒಂಟಿಕಾಲಿನಲ್ಲಿ ನಿಂತಂತಾಗಿದೆ.

ಸ್ವೀಡನ್ನಿನಲ್ಲಿ ಆಟ ನೆಲೆನಿಂತ ಊರುಗಳ ಪಟ್ಟಿ ನೋಡಿದರೂ ಇದೇ ಲೆಕ್ಕ ಕಾಣುತ್ತದೆ. ಉಕ್ಕಿನ ಸಾಂದ್‌ವಿಕೆನ್, ಗಾಜಿನ ಸುರ್ತೆ, ಕಾಡಿನ ನಡುವಿನ ಎಡ್ಸ್‌ಬಿನ್, ಬೊಲ್ನೆಸ್. ಇವು ಕಾರ್ಖಾನೆಯ ಸುತ್ತ ಬೆಳೆದ ಇಲ್ಲವೇ ಹಳ್ಳಿಗಿಂತ ತುಸು ದೊಡ್ಡದಾದ ಪೇಟೆಗಳು. ಬೇಸಿಗೆಯಲ್ಲಿ ಫುಟ್‌ಬಾಲ್ ಆಡಿದ ಬಯಲಿಗೆ ಚಳಿ ಬಿದ್ದ ಮೇಲೆ ನೀರು ಹಾಯಿಸಿದರೆ ಆಯಿತು, ಅದೇ ಅಂಗಳ, ಅದೇ ಕ್ಲಬ್ಬು, ಎಷ್ಟೋ ಸಲ ಅದೇ ಆಟಗಾರರು. ಯಾರ ಬಳಿಯೂ ಹೊಸ ಬಂಡವಾಳ ಕೇಳಬೇಕಿರಲಿಲ್ಲ. ಕ್ರಿಸ್‌ಮಸ್‌ನ ಮರುದಿನ, ಡಿಸೆಂಬರ್ 26ರಂದು ಊರೂರಲ್ಲಿ ಪಂದ್ಯ ಇಟ್ಟುಕೊಳ್ಳುವುದು ಅಲ್ಲಿ ಹಬ್ಬದ ಭಾಗವೇ ಆಗಿಹೋಯಿತು. ಬಿಸಿ ಕಾಫಿಯ ಥರ್ಮಾಸನ್ನೂ ಅದಕ್ಕೆ ಬೆರೆಸುವ ಬಲವಾದ ಮದ್ಯವನ್ನೂ ಹಳೆಯ ಚರ್ಮದ ಕೈಪೆಟ್ಟಿಗೆಯಲ್ಲಿ ಹೊತ್ತು ಬರುವ ನೋಡುಗರ ರೂಢಿಗೆ, ಬ್ಯಾಂಡಿ ಪೆಟ್ಟಿಗೆ ಎಂಬ ಅರ್ಥದ ಒಂದು ಪದವೇ ಸ್ವೀಡಿಷ್ ಭಾಷೆಯಲ್ಲಿದೆ. ಎರಡು ಗಂಟೆ ಬಯಲಿನಲ್ಲಿ ನಿಂತು ನೋಡಬೇಕಾದ ಆಟಕ್ಕೆ ಈ ಸರಂಜಾಮು ಅನಿವಾರ್ಯವಾಗಿತ್ತು.

ಆದರೆ ಸ್ವೀಡನ್ನಿನ ಚಳಿಗಾಲವೂ ಈಗ ಮೆತ್ತಗಾಗುತ್ತಿದೆ. ಮೊದಲು ಬಯಲಿನಲ್ಲೇ ನೆಲದಡಿ ಕೊಳವೆ ಹಾಕಿ ಗಡ್ಡೆ ಕಟ್ಟಿದರು, ಆಮೇಲೆ ಮಳೆ ಗಾಳಿಯಿಂದ ಅದನ್ನು ಕಾಯಲು ಚಾವಣಿಯ ಮಾತು ಬಂತು. ಬ್ಯಾಂಡಿ ಈಗ ನಿಂತಿರುವುದು 1875ರ ಮಾಂಟ್ರಿಯಲ್‌ನವರು ನಿಂತ ಜಾಗದಲ್ಲೇ ಅಲ್ಲವೇ, ಹಾಗಾದರೆ ಇದೂ ಕುಗ್ಗಿ ಇನ್ನೊಂದು ಐಸ್ ಹಾಕಿಯಾಗದೇ ಎಂದು ಕೇಳಬಹುದು. ಇದುವರೆಗೆ ಹಾಗಾಗಿಲ್ಲ. ಮರದ ತೊಲೆಯ ಕಾಲ ಹೋಗಿ ಇಡೀ ಮೈದಾನವನ್ನು ನಡುವೆ ಕಂಬವಿಲ್ಲದೆ ಮುಚ್ಚುವ ಕಾಲ ಬಂದಿದೆ, ಆಟದ ಅಳತೆಯನ್ನು ಯಾರೂ ಕತ್ತರಿಸಲಿಲ್ಲ. ಸ್ವೀಡನ್ನಿನ ಮೊದಲ ಬ್ಯಾಂಡಿ ಭವನ 2003ರಲ್ಲಿ ಎದ್ದದ್ದು ಸ್ಟಾಕ್‌ಹೋಮಿನಲ್ಲೋ ಗೋಥೆನ್‌ಬರ್ಗ್‌ನಲ್ಲೋ ಅಲ್ಲ, ಸುಮಾರು ನಾಲ್ಕು ಸಾವಿರ ಜನರ ಎಡ್ಸ್‌ಬಿನ್‌ನಲ್ಲಿ. 2004ರಿಂದ 2008ರವರೆಗೆ ಸತತ ಐದು ವರ್ಷ ಸ್ವೀಡನ್ನಿನ ಚಾಂಪಿಯನ್ ಆದದ್ದೂ ಎಡ್ಸ್‌ಬಿನ್ನೇ. ಇದರಲ್ಲಿ ಆಟಗಾರರ ಪ್ರತಿಭೆಗೆ ಪಾಲಿಲ್ಲ ಎನ್ನಲಾಗದು, ಹೊಸ ಕಟ್ಟಡವೊಂದೇ ಕಪ್ ತಂದಿತೆಂದು ಹಟ ಹಿಡಿಯುವುದೂ ಇಲ್ಲ. ಆದರೂ ಉಳಿದವರು ಮೋಡ ನೋಡುತ್ತ ಕೂತಿದ್ದಾಗ ಬೇಕೆಂದ ದಿನ ಬೇಕಾದಷ್ಟು ಹೊತ್ತು ಪೂರ್ಣ ಅಂಗಳದಲ್ಲಿ ಅಭ್ಯಾಸ ಮಾಡಬಲ್ಲ ಊರು ಆಗ ಅದೊಂದೇ. 2009ರಲ್ಲಿ ಸಾಂದ್‌ವಿಕೆನ್‌ನಲ್ಲೂ ಭವನ ಎದ್ದಿತು. 1974ರಿಂದ ಯೂಸ್‌ದಾಲ್‌ನ ಬಯಲಿನಲ್ಲಿ ನಡೆಯುತ್ತಿದ್ದ ಕ್ಲಬ್ಬುಗಳ ವಿಶ್ವಕಪ್ ಅದೇ ವರ್ಷ ಅಲ್ಲಿಗೆ ಸ್ಥಳಾಂತರವಾಯಿತು. 2013ರ ರಾಷ್ಟ್ರೀಯ ಫೈನಲ್ ನಡೆದದ್ದು ಸ್ಟಾಕ್‌ಹೋಮ್ ಪಕ್ಕದ ಫುಟ್‌ಬಾಲ್ ಅರೀನಾದೊಳಗೆ, 38 ಸಾವಿರಕ್ಕೂ ಹೆಚ್ಚು ಜನರ ಮುಂದೆ. ಇತ್ತ ಊಸ್ ನದಿಯ ದಡದ ಗದ್ದೆಗಳಲ್ಲಿ ಇಂದಿಗೂ ಚಳಿಗಾಲಕ್ಕೆ ನೀರು ನಿಲ್ಲುತ್ತದೆ. ಹೆಪ್ಪುಗಟ್ಟುವುದು ಅಪರೂಪವಾದ್ದರಿಂದ ಅಲ್ಲಿಗೆ ಬಂದಿಳಿಯುವುದು ಹೆಚ್ಚಾಗಿ ಬಾತು, ಹಂಸಗಳು.